ಗುಬ್ಬಿ ದಾಟುವಾಗ ಹೊಳೆದದ್ದು

ಸಂಜೆ ತುಮಕೂರಿಗೆ ವಾಪಸ್ ಬರುವಾಗ ಬಸ್ಸು ಗುಬ್ಬಿಯಲ್ಲಿ ನಿಂತಿತ್ತು. ವಿಲಿಯಂ ಆರ್ಥರ್ ನೆನಪಾದರು.

1839ರಲ್ಲಿ ಐರ್ಲೆಂಡಿನ ಈ ವೆಸ್ಲಿಯನ್ ಮಿಷನರಿ ಗುಬ್ಬಿಗೆ ಬಂದಾಗ ವಯಸ್ಸು ಇಪ್ಪತ್ತರ ಆಸುಪಾಸು. ಕನ್ನಡ ಕಲಿತರು, ಸೇವೆಗೆ ಇಳಿದರು. ಅಷ್ಟರಲ್ಲೇ ಆರೋಗ್ಯ ಕೆಟ್ಟು, ಕಣ್ಣಿನ ದೃಷ್ಟಿಗೂ ಪೆಟ್ಟು ಬಿತ್ತು. 1841ರಲ್ಲಿ ಗುಬ್ಬಿ ಬಿಟ್ಟು ಮರಳಬೇಕಾಯಿತು. ದೇವರ ಕೆಲಸಕ್ಕೆಂದೇ ಬಂದವರಿಗೆ ಹೀಗೇಕಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ.

ಅವರು ಮಾತ್ರ ಸೇವೆ ಬಿಡಲಿಲ್ಲ. ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕ ಮಾಡಿದರು. ಪವಿತ್ರಾತ್ಮನ ಕುರಿತು 1856ರಲ್ಲಿ ಬರೆದ 'ದ ಟಂಗ್ ಆಫ್ ಫೈರ್' ಅನ್ನು ಜನ ಇಂದಿಗೂ ಓದುತ್ತಾರೆ. 1866ರಲ್ಲಿ ವೆಸ್ಲಿಯನ್ ಸಭೆಯ ಅಧ್ಯಕ್ಷರೂ ಆದರು.

ಆರ್ಥರರಂತೆ ಕಷ್ಟದಲ್ಲಿರುವವರಿಗೆ ನಾವು ಬೇಗ ಹೇಳಿಬಿಡುತ್ತೇವೆ: "ನಂಬಿಕೆ ಇಟ್ಟು ಪ್ರಾರ್ಥನೆ ಮಾಡಿ, ಎಲ್ಲ ಹೋಗುತ್ತೆ." ಹೋಗದಿದ್ದರೆ ಅವರ ನಂಬಿಕೆಯನ್ನೇ ಅನುಮಾನಿಸುತ್ತೇವೆ. ಆದರೆ ಬೈಬಲಿನಲ್ಲಿ ಅಪೊಸ್ತಲ ಪೌಲನು ಮೂರು ಸಲ ಬೇಡಿಕೊಂಡರೂ ಅವನ ದೇಹದ ಮುಳ್ಳು ಹೋಗಲಿಲ್ಲ. ಸಿಕ್ಕಿದ್ದು ತಾಳಿಕೊಳ್ಳುವ ಕೃಪೆ. ಗೆತ್ಸೇಮನೆ ತೋಟದಲ್ಲಿ ಯೇಸುವೇ ಸಂಕಟ ತಪ್ಪಲಿ ಎಂದು ಬೇಡಿಕೊಂಡು, ಕೊನೆಗೆ ತಂದೆಯ ಚಿತ್ತಕ್ಕೆ ಬಿಟ್ಟುಕೊಟ್ಟರು. ಕಷ್ಟ ತೀರಲಿ ಅಂತ ಬೇಡೋಣ, ಅತ್ತು ಬೇಡೋಣ. ತೀರದಿದ್ದರೂ ದೇವರ ಕೈ ಬಿಡದಿರುವುದೇ ನಿಜವಾದ ಶರಣಾಗತಿ.

ಗುಬ್ಬಿ, ಕುಣಿಗಲ್, ತುಮಕೂರಿನ ಸಹೋದರ ಸಹೋದರಿಯರೇ, ಈ ಭಾನುವಾರ ಆರಾಧನೆ ಮುಗಿದ ಮೇಲೆ ಕಾಯಿಲೆಯಲ್ಲಿರುವ ಒಬ್ಬರ ಮನೆಗೆ ಹೋಗಿ. ಉಪದೇಶ ಬೇಡ, ಸ್ವಲ್ಪ ಹೊತ್ತು ಜೊತೆಗೆ ಕೂತು ಪ್ರಾರ್ಥಿಸಿ ಬನ್ನಿ. ಕಷ್ಟದ ದಿನಗಳಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಬರೆಯಿರಿ, ಓದುವ ಯಾರಿಗಾದರೂ ಧೈರ್ಯ ಬರುತ್ತದೆ.