ಹಂಡೆ ಒಲೆಯ ಮುಂದೆ

ಜಯನಗರ ಮೂರನೇ ಬ್ಲಾಕಿನ ದೊಡ್ಡಮ್ಮನ ಮನೆ ಬಿಲ್ಡರ್ ಕೈ ಸೇರುವುದಕ್ಕೆ ಸ್ವಲ್ಪ ಮುಂಚಿನ ಮಾತು. ಗೀಸರ್ ಬಂದು ಎಷ್ಟೋ ಕಾಲವಾಗಿದ್ದರೂ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಬೇಕೆಂದು ಬಚ್ಚಲಿನ ತಾಮ್ರದ ಹಂಡೆಯನ್ನು ಅವರು ಕೀಳಿಸಿರಲಿಲ್ಲ. ಅಟ್ಟದಿಂದ ಇಳಿಸಿದ ಟ್ರಂಕನ್ನು ಅಲ್ಲಿಗೇ ಎಳೆಸಿ, ಒಲೆಗೆ ತೆಂಗಿನ ಗರಿ ತುರುಕಿ, ಮಣೆ ಹಾಕಿಕೊಂಡು ಕೂತರು. “ಎಲ್ಲಾ ಸುಟ್ಟುಬಿಡೋಣ ಕಣೋ. ಫ್ಲಾಟಿನಲ್ಲಿ ಅಟ್ಟ ಎಲ್ಲಿಂದ ತರಲಿ?” ಅಂದರು. ಆದರೆ ಓದದೆ ಒಂದನ್ನೂ ಒಲೆಗೆ ಹಾಕರು. ಓದಿದ ಮೇಲಂತೂ ಹಾಕಲು ಕೈ ಬಾರದು. ಕೊನೆಗೆ ನೀರು ಕಾದದ್ದು ಹಳೇ ಕರೆಂಟ್ ಬಿಲ್ಲುಗಳಿಂದ.

ದೊಡ್ಡಪ್ಪನದು ಟ್ರಸ್ಟ್ ಬೋರ್ಡ್ ಸೈಟು. 1948ರಲ್ಲಿ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಈ ಕಡೆಯೆಲ್ಲ ಹೊಲ, ತೋಪು. ಊರು ಬಿಟ್ಟು ಬಂದವರಿಗೆ ತುರುವೇಕೆರೆಯಿಂದ ಕಾಗದ ಬರುತ್ತಿತ್ತು. ಅಜ್ಜನ ಅಕ್ಷರ ಮುತ್ತು ಪೋಣಿಸಿದಂತೆ, ಆದರೆ ತಾರೀಖು ಹಾಕುವ ಅಭ್ಯಾಸವಿಲ್ಲ. “ಉಭಯಕುಶಲೋಪರಿ” ಆದಮೇಲೆ ನೇರವಾಗಿ ರಾಗಿ, ಮಳೆ, ಯಾರದೋ ಸೀಮಂತ. ವಿಳಾಸ ನೋಡಿ ಕಾಲ ಹೇಳಬಹುದು ಎಂದು ಆಮೇಲೆ ತಿಳಿಯಿತು. ಬರೀ “ಬೆಂಗಳೂರು-11” ಎಂದಿದ್ದರೆ ಅದು ಹಳೆಯದಿರಬೇಕು. 560011 ಎಂದಿದ್ದರೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದ ಮೇಲಿನದು. ಅಡುಗೆಮನೆ ಬಾಗಿಲ ಪಕ್ಕದ ಕೊಕ್ಕೆ ತಂತಿಗೆ ಚುಚ್ಚಿಟ್ಟಿದ್ದರಿಂದ ಪ್ರತಿ ಕಾಗದದ ನಡುವೆಯೂ ಒಂದು ತೂತು. ಅಷ್ಟು ಜಾಗದಲ್ಲಿ ಅಜ್ಜ ಏನು ಬರೆದಿದ್ದರೋ, ದೊಡ್ಡಮ್ಮ ಊಹೆಯಿಂದ ತುಂಬಿಕೊಂಡು ಓದುತ್ತಿದ್ದರು.

ಲಗ್ನಪತ್ರಿಕೆ ಸಿಕ್ಕಿತು, ಮೂಲೆಗಳಲ್ಲಿ ಅರಿಶಿನ ಕಂದಿತ್ತು. ಒಣಗಿದ ಬಾಸಿಂಗ ಸಿಕ್ಕಿತು. ನನಗೆ ಮಾತ್ರ ಇವೆಲ್ಲಕ್ಕಿಂತ ರುಚಿಸಿದ್ದು ಮುಯ್ಯಿ ಪುಸ್ತಕ. ದೊಡ್ಡಮ್ಮನ ಮದುವೆ 1957ರ ಮೇ ತಿಂಗಳಲ್ಲಿ, ಊರ ಮನೆಯ ಚಪ್ಪರದಲ್ಲಿ. ಆ ಏಪ್ರಿಲ್ 1ಕ್ಕಷ್ಟೇ ನಯೇ ಪೈಸೆ ಬಂದಿತ್ತು. ಲೆಕ್ಕ ಬರೆಯಲು ಕೂತ ಸೋದರಮಾವ ಮೊದಲ ಪುಟಗಳಲ್ಲಿ ಆಣೆ ಬರೆದು, ಮಧ್ಯೆ ಹುರುಪು ಬಂದು ನಯೇ ಪೈಸೆಗೆ ಇಳಿದಿದ್ದಾರೆ. ನಾಲ್ಕಾಣೆಗೆ ಇಪ್ಪತ್ತೈದು, ತೊಂದರೆಯಿಲ್ಲ. ಒಂದು ರೂಪಾಯಿಯ ಮೇಲೆ ಒಂದಾಣೆ ಇಟ್ಟವರು ಬಂದಾಗ ಆರೂಕಾಲು ನಯೇ ಪೈಸೆ ಎಂದು ಬರೆದು, ಹೊಡೆದು ಹಾಕಿ, ಮತ್ತೆ ಆಣೆಗೇ ಶರಣು. ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ “ತೀರಿತು” ಎಂದಿದೆ. ಅವರ ಮನೆಯ ಮದುವೆಗೆ ನಮ್ಮವರು ಮುಯ್ಯಿ ತೀರಿಸಿ ಬಂದ ಗುರುತು ಅದು. ತೀರದವೂ ಇವೆ, ಅದರ ಬಗ್ಗೆ ದೊಡ್ಡಮ್ಮನಿಗೆ ಇಂದಿಗೂ ಸಂಕೋಚ.

ಕತ್ತಲಾಗುವ ಹೊತ್ತಿಗೆ ಅಕ್ಕ ಕೇಳಿದಳು: “ಅಮ್ಮಾ, ಇಷ್ಟೆಲ್ಲ ಇದೆ, ಅಜ್ಜಿ ಹೋದ ಕಾಗದ ಎಲ್ಲಿ?”

ದೊಡ್ಡಮ್ಮ ಅವಳನ್ನೇ ನೋಡಿದರು. ಅಂಥ ಕಾಗದವನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಮೇಲೆ ಶ್ರೀಕಾರವಿಲ್ಲದ್ದು ಕಂಡರೆ ಸಾಕು, ಹೊರಗೇ ನಿಂತು ಓದಿ, ಹರಿದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಅಜ್ಜಿಯದು, ಚಿಕ್ಕಪ್ಪನದು, ಹೆರಿಗೆಯಲ್ಲಿ ಹೋದ ಅತ್ತೆಯದು, ಎಲ್ಲವೂ ಬಂದ ದಿನವೇ ಚೂರಾಗಿದ್ದವು. ನಮ್ಮ ಟ್ರಂಕಿನ ಪ್ರಕಾರ ಆ ಮನೆತನದಲ್ಲಿ ಯಾರೂ ಸತ್ತೇ ಇಲ್ಲ. ಬರೀ ಮದುವೆ, ಸೀಮಂತ, ನಾಮಕರಣ. ಮನೆಮಂದಿಯ ಕಾಗದಗಳನ್ನು ನಂಬಿ ಇತಿಹಾಸ ಬರೆಯುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು. ಜನರ ಮನೆಯ ಹಳೇ ಫೋಟೋಗಳನ್ನು ಕಲೆಹಾಕಲು ಅನೂಷಾ ಯಾದವ್ 2010ರಲ್ಲಿ ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಕೂಡ ಹುಟ್ಟಿದ್ದು ಮದುವೆಗಳ ಬಗ್ಗೆ ಒಂದು ಪುಸ್ತಕ ಮಾಡುವ ಯೋಚನೆಯಿಂದ. ಜನ ಕೈಯಾರೆ ತೆಗೆದುಕೊಡುವುದು ಮೊದಲು ಮದುವೆಯನ್ನೇ.

ಟ್ರಂಕು ಕೊನೆಗೆ ಸ್ಥಳೀಯ ಇತಿಹಾಸ ಕೂಡಿಡುವ ಒಂದು ಸಂಗ್ರಹಕ್ಕೆ ಹೋಯಿತು. ಅಲ್ಲಿನ ಹುಡುಗಿ ತುಕ್ಕು ಹಿಡಿದ ಗುಂಡುಸೂಜಿಗಳನ್ನು ಒಂದೊಂದಾಗಿ ಬಿಡಿಸಿದಳು. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ, ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ ಎಂದಳು. ಬಾಸಿಂಗ ತೆಗೆದುಕೊಳ್ಳಲು ಸ್ವಲ್ಪ ಹಿಂದೆಮುಂದೆ ನೋಡಿದಳು, ಹುಳು ಬರುತ್ತದೆಂದು. ಆಮೇಲೆ ಮದುವೆಯ ಗುಂಪು ಫೋಟೋದಲ್ಲಿದ್ದವರ ಹುಟ್ಟು, ಸಾವಿನ ವರ್ಷಗಳು ಬೇಕು ಎಂದಳು.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಕ್ಕನಿಗೆ ಪೆನ್ನು ಕೊಟ್ಟು ಒಬ್ಬೊಬ್ಬರದಾಗಿ ಹೇಳಿ ಬರೆಸಿದರು: ಯಾವ ಮಾಸ, ಯಾವ ತಿಥಿ, ಯಾವ ಕಾಯಿಲೆ, ಸುದ್ದಿ ತಂದವರು ಯಾರು. ಪುಟದ ಎರಡೂ ಬದಿ ತುಂಬಿತು. ಎಲ್ಲ ಮುಗಿದ ಮೇಲೆ, “ಮೇಲೊಂದು ಶ್ರೀ ಹಾಕೇ. ಇಲ್ಲದಿದ್ದರೆ ಯಾರಾದರೂ ಹರಿದುಬಿಟ್ಟಾರು” ಅಂದರು.