ಬೆವರು ಆರದ ಸಂಜೆ

ಏಪ್ರಿಲ್ ಬಿಸಿಲಿನಲ್ಲೂ ಜಯನಗರದ ಮರದ ನೆರಳಿಗೆ ಬಂದರೆ ಬೆವರು ಆರುತ್ತದೆ. ಸುಮಾರು 900 ಮೀಟರ್ ಎತ್ತರದ ಊರಲ್ವಾ! ನಮ್ಮ ಪುತ್ತೂರಿನಲ್ಲಿ ಹಾಗಲ್ಲ. ಕಡಲ ಕಡೆಯ ತೇವದ ಗಾಳಿಗೆ ನೆರಳಲ್ಲೂ ಅಂಗಿ ಮೈಗೆ ಅಂಟುತ್ತದೆ. ಅದೇ ತೇವ ಮಧ್ಯಾಹ್ನದ ಕಾವಿಗೆ ಮೇಲೇರಿ, ಘಟ್ಟದ ಮೇಲೆ ಮೋಡ ಕಟ್ಟಿ, ಸಂಜೆಗೆ ಗುಡುಗುತ್ತದೆ.

ಮೊಬೈಲಿನಲ್ಲಿ ‘ಗುಡುಗು ಸಹಿತ ಮಳೆ ಸಾಧ್ಯತೆ’ ಅಂತ ಕಂಡ ಕೂಡಲೇ ಅಮ್ಮನಿಗೆ ಫೋನು. ಅಂಗಳದಲ್ಲಿ ಅಡಿಕೆ ಹರವಿರುತ್ತದೆ, ಮನೆಯಲ್ಲಿ ಅವಳೊಬ್ಬಳೇ.

“ಅಡಿಕೆ ಒದ್ದೆಯಾದ್ರೆ ಆಗ್ಲಿ ಅಮ್ಮಾ, ಮಿಂಚುವಾಗ ಅಂಗಳಕ್ಕೆ ಇಳೀಬೇಡ.”

“ಮೋಡ ನೋಡಿ ಮೂರು ಗಂಟೆಗೇ ಒಳಗೆ ಹಾಕಿ ಆಯ್ತು ಮಾರಾಯ. ಈಗ ಫೋನು ಇಡು, ಸಿಡಿಲು ಬರ್ತಾ ಉಂಟು.”

ಇಟ್ಟೆ. ಅವಳು ಮತ್ತೆ ಕರೆ ಮಾಡುವವರೆಗೆ, ಜಯನಗರದ ತಂಪಿನಲ್ಲೂ ನನಗೆ ಬೆವರು.