ಇಳಿತದ ಹೊತ್ತಿಗೆ

ಕಾರವಾರದ ಕಡೆ ಕಾಡುಪ್ರಾಣಿ ನೋಡಬೇಕೆಂದವರಿಗೆ ಎಲ್ಲರೂ ಕೈತೋರಿಸುವುದು ಘಟ್ಟದ ಮೇಲಿನ ದಾಂಡೇಲಿಗೆ. ಹುಲಿ, ಮಂಗಟ್ಟೆ ಅಲ್ಲಿವೆ, ಒಪ್ಪೋಣ. ಆದರೆ ಅಲ್ಲಿ ಜೀಪು ಹತ್ತಿ ಅದೃಷ್ಟ ಕಾಯಬೇಕು. ಕಾಳಿ ಕಡಲು ಸೇರುವಲ್ಲಿ, ಅಂಕೋಲೆಯ ಗಂಗಾವಳಿಯ ಬಾಯಲ್ಲಿ, ಭರತ ಇಳಿತದ ಲೆಕ್ಕ ಗೊತ್ತಿದ್ದರೆ ಸಾಕು. ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಮೀನುಗಾರರಿಗೆ ಬಾಯಿಪಾಠವಾದ ಈ ಲೆಕ್ಕ ಪ್ರವಾಸಿಗರಿಗೆ ಬೇಡ. ಅದಕ್ಕೇ ಕಾಳಿ ದಂಡೆಯ ಕಾಂಡ್ಲಾ ಕಾಡಿನಲ್ಲಿ ತುಂಬಿದ ನೀರಿನ ಫೋಟೊ ತೆಗೆದು, ಏನೂ ಇಲ್ಲ ಎಂದು ಮರಳುವವರೇ ಹೆಚ್ಚು.

ನೀರು ಇಳಿಯಲಿ, ನಡೆಯುವುದನ್ನು ಬಿಟ್ಟು ನಿಲ್ಲಿ. ಹೆಜ್ಜೆ ಸಪ್ಪಳಕ್ಕೆ ಬಿಲ ಸೇರಿದ ಏಡಿಗಳು ಉಸಿರುಬೇರುಗಳ ನಡುವೆ ಒಂದೊಂದಾಗಿ ಹೊರಬರುತ್ತವೆ. ಗಂಡು ತನ್ನ ಒಂದು ಭಾರೀ ಕೊಂಡಿಯನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ, ಇನ್ನೊಂದು ಪುಟ್ಟ ಕೊಂಡಿಯಿಂದ ಕೆಸರು ಹೆಕ್ಕಿ ತಿನ್ನುತ್ತದೆ. ಅತ್ತ ನದಿಬಾಯಿಯಲ್ಲಿ ಪ್ಲೋವರ್ ಹಕ್ಕಿ ನಾಲ್ಕು ಹೆಜ್ಜೆ ಓಡಿ, ನಿಂತು, ಕುಕ್ಕುತ್ತದೆ. ಅದರದು ಕಣ್ಣಿನ ಬೇಟೆ. ಕರ್ಲ್ಯೂ ಬಾಗಿದ ಉದ್ದ ಕೊಕ್ಕನ್ನು ಕೆಸರಿಗಿಳಿಸಿ ತಡಕುತ್ತದೆ. ನೋಡಿದ್ದನ್ನೇ ಎಷ್ಟು ನೋಡುವುದು ಎನ್ನುವವರಿದ್ದಾರೆ. ದಂಡೆ ಅದೇ, ತಿಂಗಳು ಬೇರೆಯಲ್ಲವೇ? ಮಳೆಗಾಲ ಮುಗಿಯುತ್ತ ಹಿಮಾಲಯದಾಚೆಯಿಂದ ಬಂದಿಳಿಯುವ ಮರಳು ಪ್ಲೋವರ್ ಚಳಿಗಾಲವಿಡೀ ಮಾಸಲು ಬೂದು. ಮಾರ್ಚ್, ಏಪ್ರಿಲ್‌ನಲ್ಲಿ ಹೊರಡುವ ಮೊದಲು ಅದರ ಎದೆಗೆ ಇಟ್ಟಿಗೆ ಬಣ್ಣ ಏರುತ್ತದೆ. ಒಮ್ಮೆ ಮಾತ್ರ ಬಂದುಹೋದವರಿಗೆ ಇದು ಸಿಕ್ಕುವುದಾದರೂ ಹೇಗೆ?

ತೂಕದ ಆಕ್ಷೇಪ ಇನ್ನೊಂದಿದೆ: ನೋಡುಗರು ಹೆಚ್ಚಿದಷ್ಟೂ ಜೀವಿಗಳಿಗೆ ಕಾಟ. ನಿಜ. ಮೇಯುವ ಹಕ್ಕಿಗಳನ್ನು ಹತ್ತಿರ ಹೋಗಿ ಎಬ್ಬಿಸಿದರೆ ಅವುಗಳ ಊಟದ ಹೊತ್ತು ಹಾಳು. ಭರತ ಬಂದರೆ ಮೇವಿನ ಜಾಗವೇ ಮುಳುಗುತ್ತದೆ. ನಿಂತು ನೋಡುವವರಿಂದ ಈ ಕಾಟ ಕಡಿಮೆ. ಕಡಲಾಮೆಯ ವಿಷಯದಲ್ಲಿ ಮಾತ್ರ ಅಷ್ಟೂ ಸಲ್ಲದು. ಚಳಿಗಾಲದಲ್ಲಿ ದೇವಬಾಗದಿಂದ ಅಂಕೋಲೆಯ ಹಾರವಾಡದವರೆಗಿನ ಮರಳಿಗೆ ಆಲಿವ್ ರಿಡ್ಲಿ ಆಮೆಗಳು ರಾತ್ರಿ ಮೊಟ್ಟೆಯಿಡಲು ಬರುತ್ತವೆ. ಸುಮಾರು 50 ದಿನಕ್ಕೆ ಹೊರಬರುವ ಮರಿಗಳು ಬೆಳಕಿನತ್ತ ತೆವಳುತ್ತವೆ. ಮೊಬೈಲ್ ಟಾರ್ಚೂ ಅವಕ್ಕೆ ದಾರಿ ತಪ್ಪಿಸುತ್ತದೆ. ರಾತ್ರಿಯ ಆಸೆ ಬಿಟ್ಟು ಬೆಳಗಿನ ಜಾಡು ಓದುವುದೇ ಮೇಲು, ರುಚಿಯೂ ಅದರಲ್ಲೇ ಹೆಚ್ಚು. ಎಡಬಲ ಕಾಲಿನ ಗುರುತು ಒಂದರ ಎದುರು ಒಂದಿರದೆ ಹಿಂದುಮುಂದಾಗಿದ್ದರೆ ರಿಡ್ಲಿಯೇ ಇರಬೇಕು. ಬಂದ ಜಾಡಿಗೂ ಹೋದ ಜಾಡಿಗೂ ನಡುವೆ ಮರಳು ಕೆದರಿರದಿದ್ದರೆ ಬರಿದೇ ಹಿಂದಿರುಗಿದೆ ಎಂದರ್ಥ. ಕೆದರಿದ್ದರೆ ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ. ಮೊಟ್ಟೆಗಳ ಸುತ್ತ ಬೇಲಿ ಹಾಕುವ ಕೆಲಸ ಅವರದು.